'ರೈಟ್' ಅಂದರೆ ಬಲವೋ, ಸರಿಯೋ, ಹಕ್ಕೋ? ಇಂಗ್ಲಿಷಿನಿಂದ ಸ್ಪ್ಯಾನಿಷ್‌ಗೆ ಹೋಗುವ ಮುಂಚೆ ಕನ್ನಡವನ್ನು ಕೇಳಿ

ಮಕ್ಕಳ ಗಣಿತದ ಆ್ಯಪ್ ಒಂದನ್ನು ಸ್ಪ್ಯಾನಿಷ್‌ಗೆ ತರುವ ಕೆಲಸ ಒಮ್ಮೆ ನನಗೆ ಸಿಕ್ಕಿತ್ತು. ಬಂದದ್ದು ಒಂದು ಎಕ್ಸೆಲ್ ಹಾಳೆ. ಎಡಗಡೆ ಕಾಲಂನಲ್ಲಿ ಇಂಗ್ಲಿಷ್, ಬಲಗಡೆ ಖಾಲಿ. ಒಂದು ಸಾಲಿನಲ್ಲಿ 'ಲೆಫ್ಟ್', ಅದರ ಕೆಳಗೇ 'ರೈಟ್'. ಹಿಂದೆ ಮುಂದೆ ಏನೂ ಇಲ್ಲ. ಎಡ, ಬಲ ಅಂದುಕೊಂಡು 'ಇಸ್ಕಿಯೆರ್ದಾ', 'ದೆರೇಚಾ' ಅಂತ ಬರೆದು ಕಳಿಸಿದೆ. ಆಮೇಲೆ ಆ್ಯಪ್ ತೆರೆದು ನೋಡಿದಾಗ ಎದೆ ಧಸಕ್ಕೆಂದಿತು. ಮಗು ಸರಿಯಾದ ಉತ್ತರ ಒತ್ತಿದರೆ ಪರದೆ ಮೇಲೆ ದೊಡ್ಡ ಹಸಿರು ಅಕ್ಷರದಲ್ಲಿ 'ಬಲಗಡೆ' ಅಂತ ಬರುತ್ತಿತ್ತು. ಇನ್ನು ಮೂರು ಪ್ರಶ್ನೆ ಉಳಿದಿವೆ ಅನ್ನಬೇಕಾದ ಕಡೆ 'ಎಡಗಡೆ 3' ಅಂತ ಇತ್ತು. ಅಲ್ಲಿ ಬೇಕಿದ್ದದ್ದು 'ಕೊರ್ರೆಕ್ತೊ' ಮತ್ತು 'ಕೇದಾನ್'.

ಆ ಎರಡು ಪದಗಳನ್ನು ಮೊದಲು ಕನ್ನಡದಲ್ಲಿ ಬರೆದುಕೊಂಡಿದ್ದರೆ ನಾನು ಅಲ್ಲೇ ನಿಲ್ಲುತ್ತಿದ್ದೆ. ಯಾಕೆಂದರೆ ಕನ್ನಡದಲ್ಲಿ ಬರೆಯುವಾಗ ಎಡವೋ ಉಳಿದದ್ದೋ, ಬಲವೋ ಸರಿಯೋ ಅಂತ ಆರಿಸಲೇಬೇಕು. ಆರಿಸೋಕೆ ಆಗದಿದ್ದರೆ ಅರ್ಥ ನನಗೇ ಗೊತ್ತಿಲ್ಲ ಅಂತ ಅಲ್ಲೇ ತಿಳಿದುಹೋಗುತ್ತಿತ್ತು. ಅವತ್ತಿನಿಂದ ನಾನು ಹೀಗೇ ಕೆಲಸ ಮಾಡುತ್ತೇನೆ. ಸ್ಪ್ಯಾನಿಷ್ ಕಲಿಯುತ್ತಿರುವವರು, ಅನುವಾದಕ್ಕೆ ಇಳಿಯಬೇಕು ಅಂದುಕೊಂಡಿರುವವರು ಇದನ್ನು ಒಂದು ಸಲ ಮಾಡಿ ನೋಡಿ ಅನ್ನೋದು ನನ್ನ ಆಸೆ. ನಮಗೆ ಇಂಗ್ಲಿಷ್ ಒಂದೇ ಅಲ್ಲ, ಇನ್ನೊಂದು ಭಾಷೆಯೂ ಕೈಯಲ್ಲಿದೆ. ಅದನ್ನು ಸುಮ್ನೆ ಪಕ್ಕಕ್ಕಿಟ್ಟು ಯಾಕೆ ಕೂರಬೇಕು?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಪ್ಯಾನಿಷ್ ಪದಗಳನ್ನು ಇಲ್ಲಿ ಲ್ಯಾಟಿನ್ ಅಮೆರಿಕದ ಉಚ್ಚಾರಣೆಗೆ ಹತ್ತಿರವಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಪದವನ್ನು ಒಂಟಿಯಾಗಿ ಮುಟ್ಟಬೇಡಿ

ಇಡೀ ವಾಕ್ಯ ಓದಿ. ವಾಕ್ಯ ಇಲ್ಲದೆ ಒಂದೇ ಪದ ಕೊಟ್ಟಿದ್ದರೆ, ಅದು ಎಲ್ಲಿ ಕಾಣುತ್ತದೆ, ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ಕೆಲಸ ಕೊಟ್ಟವರನ್ನು ಕೇಳಿ. ಕೇಳಿದರೆ ನಮಗೆ ಭಾಷೆ ಬರೋಲ್ಲ ಅಂದುಕೊಳ್ಳುತ್ತಾರೇನೋ ಅನ್ನುವ ಸಂಕೋಚ ಹೊಸಬರಿಗೆ ಜಾಸ್ತಿ ಇರುತ್ತದೆ, ನನಗೂ ಇತ್ತು. ಆದರೆ ಕೇಳುವವರನ್ನೇ ಜನ ನಂಬುತ್ತಾರೆ. ಕೇಳುವಾಗ 'ಇದರ ಅರ್ಥ ಏನು' ಅನ್ನಬೇಡಿ. 'ಇದು ಒತ್ತುವ ಗುಂಡಿಯೋ, ಬರೀ ಓದುವ ಸಾಲೋ, ಪರದೆಯ ಚಿತ್ರ ಕಳಿಸುತ್ತೀರಾ' ಅಂತ ಕೇಳಿ. ಬೇಗ ಉತ್ತರ ಬರುತ್ತದೆ.

ಎರಡನೇ ಹೆಜ್ಜೆ: ಕನ್ನಡದಲ್ಲಿ ಪದವನ್ನು ಬಿಡಿಸಿ

ಇದೇ ಮುಖ್ಯ. 'ಹಾಟ್' ಅನ್ನುವ ಪದ ತಗೊಳ್ಳಿ. ನಿಘಂಟಿನಲ್ಲಿ ಮೊದಲು ಸಿಗೋದು 'ಕಾಲಿಯೆಂತೆ'. ಆದರೆ ಕನ್ನಡದಲ್ಲಿ ನಾವು ಕಾಫಿ ಬಿಸಿ, ಚಟ್ನಿ ಖಾರ, ಹೊರಗೆ ಸೆಕೆ ಅನ್ನುತ್ತೇವೆ. ಮೂರು ಬೇರೆ ಬೇರೆ. ಸ್ಪ್ಯಾನಿಷ್‌ನಲ್ಲೂ ಹಾಗೇ: ಬಿಸಿಗೆ 'ಕಾಲಿಯೆಂತೆ', ಖಾರಕ್ಕೆ 'ಪಿಕಾಂತೆ', ಸೆಕೆಗೆ 'ಕಾಲೋರ್'. ಚಟ್ನಿ ಖಾರ ಅನ್ನೋಕೆ ಹೋಗಿ 'ಕಾಲಿಯೆಂತೆ' ಅಂದರೆ ಕೇಳಿದವರು ಆರಲಿ ಅಂತ ಕಾಯುತ್ತಾರೆ. ಸೆಕೆ ಆಗ್ತಿದೆ ಅನ್ನೋಕೆ 'ಎಸ್ತೋಯ್ ಕಾಲಿಯೆಂತೆ' ಅಂದರೆ ಇನ್ನೂ ಕಷ್ಟ, ಅದಕ್ಕೆ ಕಾಮದ ಅರ್ಥ ಬರುತ್ತದೆ. ಸರಿಯಾದ ಮಾತು 'ತೆಂಗೊ ಕಾಲೋರ್'.

'ಟೈಮ್' ಕೂಡ ಹೀಗೇ ಬಿಡಿಸಿಕೊಳ್ಳುತ್ತದೆ. ಟೈಮ್ ಎಷ್ಟಾಯ್ತು ಅನ್ನೋದು ಗಂಟೆ, ಅಲ್ಲಿ 'ಓರಾ'. ಮೂರು ಸಲ ಅನ್ನುವಾಗಿನ ಸಲಕ್ಕೆ 'ಬೆಸ್', ಬಹುವಚನ 'ಬೇಸೆಸ್'. ಅಜ್ಜನ ಕಾಲದಲ್ಲಿ ಅನ್ನುವ ಕಾಲಕ್ಕೆ 'ಏಪೊಕಾ'. ನನಗೆ ಸಮಯ ಇಲ್ಲ ಅಂದಾಗ 'ತಿಯೆಂಪೊ'. ಹೊಸಬರು ಎಲ್ಲ ಕಡೆ 'ತಿಯೆಂಪೊ' ಹಾಕುತ್ತಾರೆ. ಆ ಪದಕ್ಕೆ ಹವಾಮಾನ ಅನ್ನುವ ಅರ್ಥವೂ ಇದೆ. ಹಾಗಾಗಿ ಗಂಟೆ ಎಷ್ಟು ಅಂತ ಕೇಳಲು ಹೋಗಿ ಮಳೆ ಬಿಸಿಲಿನ ವಿಚಾರ ಕೇಳಿದ ಹಾಗಾಗಬಹುದು.

'ಲೈಟ್' ನನಗೆ ತುಂಬಾ ಇಷ್ಟವಾದ ಪದ. ಬೆಳಕು 'ಲೂಸ್', ಹಗುರ 'ಲಿಹೇರೊ', ದೀಪ ಹಚ್ಚೋದು 'ಎನ್ಸೆಂದೆರ್'. ತಿಳಿ ನೀಲಿ ಅನ್ನುವ ತಿಳಿಗೆ 'ಕ್ಲಾರೊ', ಅಂದರೆ 'ಅಸೂಲ್ ಕ್ಲಾರೊ'. ಈ 'ಕ್ಲಾರೊ'ಗೆ ಸ್ಪಷ್ಟ, ತಿಳಿಯಾದದ್ದು ಅಂತಲೂ ಅರ್ಥ. ನಮ್ಮ 'ತಿಳಿ'ಯೂ ಹಾಗೇ ಅಲ್ವಾ, ತಿಳಿ ಬಣ್ಣಕ್ಕೂ ಅದೇ, ತಿಳಿನೀರಿಗೂ ಅದೇ.

'ಪ್ಲೇ' ಬಂದರೆ ಕೇಳಿಕೊಳ್ಳಿ: ಆಡೋದಾ, ನುಡಿಸೋದಾ, ಹಾಡು ಹಾಕೋದಾ, ನಾಟಕವಾ? ಆಡೋದು 'ಹುಗಾರ್'. ವೀಣೆ, ಗಿಟಾರ್ ನುಡಿಸೋದು 'ತೊಕಾರ್'. ನಾಟಕ 'ಓಬ್ರಾ ದೆ ತೆಯಾತ್ರೊ'. ಇನ್ನು ಹಾಡು ಹಾಕು ಅನ್ನೋದಕ್ಕೆ ಸ್ಪ್ಯಾನಿಷ್ ಮಾತಿನಲ್ಲಿ 'ಪೊನೆರ್' ಅನ್ನುತ್ತಾರೆ, ಅದರ ನೇರ ಅರ್ಥವೇ ಹಾಕು, ಇಡು. ಫೋನಿನ ಗುಂಡಿಯ ಮೇಲೆ ಮಾತ್ರ 'ರೆಪ್ರೊದುಸೀರ್' ಅಂತ ಬರೆಯುತ್ತಾರೆ.

'ಟೇಕ್' ಬಂದರೆ ಒಂದು ನಿಮಿಷ ಜಾಸ್ತಿ ಕೊಡಿ. ಮಾತ್ರೆ ತಗೊಳ್ಳೋದು 'ತೊಮಾರ್'. ಕೊಡೆ ತಗೊಂಡು ಹೋಗೋದು 'ಯೆವಾರ್'. ಹೋಗೋಕೆ ಒಂದು ಗಂಟೆ ಹಿಡಿಯೋದು 'ತರ್ದಾರ್'. ವಿಮಾನ ಮೇಲೇರೋದು 'ದೆಸ್ಪೆಗಾರ್'. ಶೂ ಬಿಚ್ಚೋದು 'ಕಿತಾರ್ಸೆ'. ಫೋಟೋ ತೆಗೆಯೋದು 'ಸಕಾರ್', ಇಲ್ಲೂ ಅದೇ ಖುಷಿ, ಆ ಪದದ ಅರ್ಥ ನಮ್ಮ 'ತೆಗೆ' ಅನ್ನೋದೇ. ಇಂಗ್ಲಿಷ್ ಒಂದೇ ಪದದಲ್ಲಿ ಮುಗಿಸಿದ ಆರು ಕೆಲಸಕ್ಕೆ ಕನ್ನಡದಲ್ಲಿ ಆಗಲೇ ಆರು ಮಾತು ಇವೆ.

'ಬಿಡು' ಮತ್ತು 'ದೆಹಾರ್' ಕೂಡ ಅಕ್ಕ ತಂಗಿಯರ ಹಾಗೆ. ಕೀ ಮನೆಯಲ್ಲಿ ಬಿಟ್ಟು ಬಂದೆ, ಸಿಗರೇಟು ಬಿಟ್ಟೆ, ನನ್ನನ್ನು ಹೋಗೋಕೆ ಬಿಡು. ಮೂರಕ್ಕೂ 'ದೆಹಾರ್' ಸಲ್ಲುತ್ತದೆ. ಆದ್ದರಿಂದ ಇಂಗ್ಲಿಷಿನ 'ಲೀವ್' ಸಿಕ್ಕಾಗ, ಕನ್ನಡದಲ್ಲಿ 'ಬಿಡು' ಬಂದರೆ 'ದೆಹಾರ್', 'ಹೊರಡು' ಬಂದರೆ 'ಸಲೀರ್' ಅಥವಾ 'ಇರ್ಸೆ' ಅಂತ ಮೊದಲು ಯೋಚಿಸಿ. ಮನೆ ಬಿಟ್ಟೆ ಅಂತ ಬೆಳಿಗ್ಗೆ ಆಫೀಸಿಗೆ ಹೊರಟದ್ದನ್ನು ಹೇಳಿದರೆ ಮಾತ್ರ ಅದು 'ಸಲೀರ್'. ರಜೆಗೆ ಇನ್ನೊಂದೇ ಪದ, 'ಪೆರ್ಮಿಸೊ' ಅಥವಾ 'ಲಿಸೆನ್ಸಿಯಾ'.

ಮೂರನೇ ಹೆಜ್ಜೆ: ಕನ್ನಡವೇ ಕೈಕೊಡುವ ಜಾಗ ಗುರುತಿಸಿ

ಎಲ್ಲ ಕಡೆ ಕನ್ನಡ ಕಾಪಾಡೋದಿಲ್ಲ. ಕೆಲವು ಕಡೆ ನಮ್ಮ ಪದವೂ ಇಂಗ್ಲಿಷಿನಷ್ಟೇ ಅಗಲ, ಕೆಲವು ಸಲ ಅದಕ್ಕಿಂತಲೂ ಅಗಲ. ಇಂಥ ಪದಗಳ ಒಂದು ಪಟ್ಟಿ ನಿಮ್ಮ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಇರಲಿ.

'ಕೇಳು' ಇದರಲ್ಲಿ ಮೊದಲನೆಯದು. ದಾರಿ ಕೇಳಿದೆ, ಸಾಲ ಕೇಳಿದೆ, ಹಾಡು ಕೇಳಿದೆ, ಸದ್ದು ಕೇಳಿಸಿತು. ಇಂಗ್ಲಿಷಿನ 'ಆಸ್ಕ್' ಇದರಲ್ಲಿ ಎರಡನ್ನು ಹಿಡಿಯುತ್ತದೆ, ಕನ್ನಡ ಎಲ್ಲವನ್ನೂ. ಸ್ಪ್ಯಾನಿಷ್‌ನಲ್ಲಿ ಎಲ್ಲ ಬೇರೆ. ಉತ್ತರ ಬೇಕು ಅಂತ ಕೇಳಿದರೆ 'ಪ್ರೆಗುಂತಾರ್', ವಸ್ತುವೋ ಸಹಾಯವೋ ಬೇಕು ಅಂತ ಕೇಳಿದರೆ 'ಪೆದೀರ್', ಕಿವಿಗೊಟ್ಟು ಕೇಳಿದರೆ 'ಎಸ್ಕುಚಾರ್', ಸುಮ್ಮನೆ ಕಿವಿಗೆ ಬಿದ್ದರೆ 'ಒಯೀರ್'. ಹೋಟೆಲಿನಲ್ಲಿ ಕಾಫಿ ಕೇಳುವಾಗ 'ಪೆದೀರ್', ಕಾಫಿಗೆ ಎಷ್ಟು ಅಂತ ಕೇಳುವಾಗ 'ಪ್ರೆಗುಂತಾರ್'.

'ಉಳಿಸು' ಇನ್ನೊಂದು. ಹಣ ಉಳಿಸು, ಜೀವ ಉಳಿಸು, ಫೈಲ್ ಉಳಿಸು. ಇಂಗ್ಲಿಷಿನ 'ಸೇವ್' ಕೂಡ ಇದೇ ಮೂರು ಮಾಡುತ್ತದೆ, ಹಾಗಾಗಿ ಇಲ್ಲಿ ಕನ್ನಡದಿಂದ ಏನೂ ಉಪಯೋಗ ಇಲ್ಲ. ಸ್ಪ್ಯಾನಿಷ್‌ನಲ್ಲಿ ಹಣಕ್ಕೆ 'ಆಒರ್ರಾರ್', ಜೀವಕ್ಕೆ 'ಸಲ್ವಾರ್', ಫೈಲಿಗೆ 'ಗ್ವರ್ದಾರ್'.

'ಮೂಲೆ'ಯೂ ಹೀಗೇ. ಕೋಣೆಯ ಮೂಲೆಯಲ್ಲಿ ಪೊರಕೆ ಇದೆ ಅಂದರೆ ಒಳಗಿನ ಮೂಲೆ, 'ರಿಂಕೋನ್'. ರಸ್ತೆ ಮೂಲೆಯ ಅಂಗಡಿ ಅಂದರೆ ಹೊರಗಿನದು, 'ಎಸ್ಕೀನಾ'. ನೀರಿನಲ್ಲಿ ಈಜುವ ಮೀನು 'ಪೆಸ್', ಹಿಡಿದು ಅಡುಗೆಗೆ ತಂದದ್ದು 'ಪೆಸ್ಕಾದೊ'. ಮನುಷ್ಯನ ಕಾಲು 'ಪಿಯೆರ್ನಾ', ಅದರ ಪಾದ 'ಪಿಯೆ', ನಾಯಿಯ ಕಾಲು, ಮೇಜಿನ ಕಾಲು 'ಪಾತಾ'.

ನಾಲ್ಕನೇ ಹೆಜ್ಜೆ: 'ಇಸ್' ಅನ್ನೋದರ ಮುಂದೆ ನಿಲ್ಲಿ

ಎಲ್ಲರೂ ಹೆದರುವುದು ಇಲ್ಲಿಗೇ. ಇಂಗ್ಲಿಷಿನ ಒಂದೇ ಕ್ರಿಯಾಪದಕ್ಕೆ ಸ್ಪ್ಯಾನಿಷ್‌ನಲ್ಲಿ 'ಸೆರ್' ಮತ್ತು 'ಎಸ್ತಾರ್' ಅಂತ ಎರಡಿವೆ. ತರಗತಿಗಳಲ್ಲಿ ಶಾಶ್ವತವಾದದ್ದಕ್ಕೆ 'ಸೆರ್', ತಾತ್ಕಾಲಿಕವಾದದ್ದಕ್ಕೆ 'ಎಸ್ತಾರ್' ಅಂತ ಹೇಳಿಕೊಡುತ್ತಾರೆ. ನನಗೆ ಆ ಸೂತ್ರ ಸರಿ ಕಾಣೋದಿಲ್ಲ. ಬೆಟ್ಟ ಎಲ್ಲಿಗೂ ಹೋಗೋದಿಲ್ಲ, ಆದರೂ ಬೆಟ್ಟ ಎಲ್ಲಿದೆ ಅನ್ನೋಕೆ 'ಎಸ್ತಾರ್' ಬೇಕು. ಸತ್ತವರು ಎದ್ದು ಬರೋದಿಲ್ಲ, ಆದರೂ ಅಲ್ಲಿ 'ಎಸ್ತಾ ಮುಯೆರ್ತೊ'.

ಕನ್ನಡದವರಿಗೆ ಇದಕ್ಕಿಂತ ಹತ್ತಿರದ ದಾರಿ ಇದೆ. ನಾವು 'ಅವರು ಮೇಷ್ಟ್ರು' ಅನ್ನುತ್ತೇವೆ, ಅಲ್ಲಿ ಕ್ರಿಯಾಪದವೇ ಇಲ್ಲ. 'ಅವರು ಮನೆಯಲ್ಲಿದ್ದಾರೆ' ಅನ್ನುತ್ತೇವೆ, ಅಲ್ಲಿ 'ಇರು' ಇದೆ. ಕ್ರಿಯಾಪದ ಇಲ್ಲದೆ ನಿಲ್ಲುವ ವಾಕ್ಯಕ್ಕೆ ಬಹಳ ಸಲ 'ಸೆರ್' ಬರುತ್ತದೆ, 'ಇರು' ಬೇಕಾದ ವಾಕ್ಯಕ್ಕೆ 'ಎಸ್ತಾರ್'. ಮೇಷ್ಟ್ರು 'ಎಸ್ ಪ್ರೊಫೆಸೋರ್', ಮನೆಯಲ್ಲಿದ್ದಾರೆ 'ಎಸ್ತಾ ಎನ್ ಕಾಸಾ'.

ಇದನ್ನು ಸ್ವಲ್ಪ ಎಳೆದು ನೋಡೋಣ. 'ಮದುವೆ ಧಾರವಾಡದಲ್ಲಿ.' ಇಷ್ಟು ಹೇಳಿದರೆ ಮುಗಿಯಿತು, ಇನ್ನೊಂದು ಪದ ಬೇಡ. ಸ್ಪ್ಯಾನಿಷ್‌ನಲ್ಲಿ ಇದು 'ಲಾ ಬೋದಾ ಎಸ್ ಎನ್ ಧಾರವಾಡ', ಅಂದರೆ 'ಸೆರ್'. ಆದರೆ 'ಛತ್ರ ಧಾರವಾಡದಲ್ಲಿದೆ' ಅಂದಾಗ ಅದು 'ಎಸ್ತಾ ಎನ್ ಧಾರವಾಡ', ಅಂದರೆ 'ಎಸ್ತಾರ್'. ಮದುವೆ, ಸಭೆ, ಸಂಗೀತ ಕಛೇರಿಯಂಥ ನಡೆಯುವ ಸಂಗತಿಗಳಿಗೆ ಸ್ಪ್ಯಾನಿಷ್ 'ಸೆರ್' ಬಳಸುತ್ತದೆ, ಕಟ್ಟಡಕ್ಕೂ ಮನುಷ್ಯರಿಗೂ ವಸ್ತುವಿಗೂ 'ಎಸ್ತಾರ್'. ಅನುಮಾನ ಬಂದರೆ ವಾಕ್ಯದ ಕೊನೆಗೆ 'ನಡೆಯುತ್ತೆ' ಅಂತ ಸೇರಿಸಿ ನೋಡಿ. ಮದುವೆ ಧಾರವಾಡದಲ್ಲಿ ನಡೆಯುತ್ತೆ, ಸರಿ. ಛತ್ರ ಧಾರವಾಡದಲ್ಲಿ ನಡೆಯುತ್ತೆ, ಆಗೋಲ್ಲ.

ಮಾವಿನ ಉದಾಹರಣೆ ಇದಕ್ಕಿಂತ ಚೆನ್ನಾಗಿದೆ. 'ಎಸ್ ಬೆರ್ದೆ' ಅಂದರೆ ಅದರ ಬಣ್ಣ ಹಸಿರು. 'ಎಸ್ತಾ ಬೆರ್ದೆ' ಅಂದರೆ ಇನ್ನೂ ಕಾಯಿ, ಹಣ್ಣಾಗಿಲ್ಲ. ಮರದ ಕೆಳಗೆ ನಿಂತು ಒಂದನ್ನು ಒತ್ತಿ ನೋಡಿ 'ಇನ್ನೂ ಕಾಯಾಗಿದೆ' ಅನ್ನುತ್ತೀರಲ್ಲ, ಆ 'ಆಗಿದೆ' ಅನ್ನುವಲ್ಲಿ 'ಎಸ್ತಾರ್' ಕೂತಿದೆ. ಹೀಗೇ 'ಎಸ್ ಲಿಸ್ತೊ' ಅಂದರೆ ಚುರುಕು, 'ಎಸ್ತಾ ಲಿಸ್ತೊ' ಅಂದರೆ ತಯಾರಾಗಿದ್ದಾನೆ. 'ಎಸ್ ಅಬುರ್ರೀದೊ' ಅಂದರೆ ಬೋರು ಹೊಡೆಸುವವನು, 'ಎಸ್ತಾ ಅಬುರ್ರೀದೊ' ಅಂದರೆ ಅವನಿಗೇ ಬೋರಾಗಿದೆ.

ಈ ದಾರಿ ಕೆಲವು ಕಡೆ ತಪ್ಪುತ್ತದೆ, ಅದನ್ನೂ ಹೇಳಬೇಕು. ಅವನು ಎತ್ತರ ಇದ್ದಾನೆ, ಅವಳು ಜಾಣೆ ಇದ್ದಾಳೆ ಅಂತ ನಾವು 'ಇರು' ಸೇರಿಸಿಬಿಡುತ್ತೇವೆ, ಅಲ್ಲಿ ಬೇಕಾದದ್ದು 'ಸೆರ್'. ಅಂಥ ಕಡೆ ಕ್ರಿಯಾಪದ ತೆಗೆದು ನೋಡಿ: 'ಅವನು ಎತ್ತರ', 'ಅವಳು ಜಾಣೆ'. ವಾಕ್ಯ ಕೆಡಲಿಲ್ಲ ಅಂದರೆ 'ಸೆರ್' ಕಡೆ ವಾಲಿ.

ಇನ್ನು ಇಂಗ್ಲಿಷ್ 'ಆ್ಯಮ್' ಅನ್ನುವ ಕೆಲವು ಕಡೆ ಎರಡೂ ಬೇಡ. ನನಗೆ ಹಸಿವು, ನನಗೆ ಬಾಯಾರಿಕೆ, ನನಗೆ ಭಯ, ನನಗೆ 30 ವರ್ಷ. ಕನ್ನಡದಲ್ಲಿ 'ನನಗೆ' ಬಂತು ನೋಡಿ. ಇವೆಲ್ಲದಕ್ಕೂ 'ತೆನೆರ್', ಅಂದರೆ ಹೊಂದಿರು ಅನ್ನುವ ಕ್ರಿಯಾಪದ: 'ತೆಂಗೊ ಆಂಬ್ರೆ', 'ತೆಂಗೊ ಸೆದ್', 'ತೆಂಗೊ ಮಿಯೇದೊ', 'ತೆಂಗೊ 30 ಆನ್ಯೊಸ್'. 'ನನಗೆ ಮಾವು ಇಷ್ಟ' ಅನ್ನೋದಂತೂ 'ಮೆ ಗುಸ್ತಾ ಎಲ್ ಮಾಂಗೊ' ಅಂತ ಹೆಚ್ಚುಕಮ್ಮಿ ಹಾಗೇ ಇಳಿಯುತ್ತದೆ. ಇಷ್ಟಪಡೋದು ನಾನಾದರೂ ವಾಕ್ಯದ ಕರ್ತೃ ಮಾವೇ. ಇಂಗ್ಲಿಷ್ ಮಾತ್ರ ಬಲ್ಲವರು ಇದಕ್ಕೆ ವಾರಗಟ್ಟಲೆ ಒದ್ದಾಡುತ್ತಾರೆ.

ಐದನೇ ಹೆಜ್ಜೆ: ನಿಘಂಟನ್ನು ಎರಡು ಕಡೆಯಿಂದ ಓದಿ

ಈಗ ನಿಘಂಟು ತೆರೆಯಬಹುದು. ಮೊದಲ ಅರ್ಥ ನೋಡಿ ಮುಚ್ಚಬೇಡಿ, ಕೊನೆ ತನಕ ಓದಿ. ಪದ ಆರಿಸಿದ ಮೇಲೆ ಅದೇ ಪದವನ್ನು ಸ್ಪ್ಯಾನಿಷ್ ಕಡೆಯಿಂದ ಹುಡುಕಿ. ಮ್ಯಾಡ್ರಿಡ್‌ನಲ್ಲಿ 1713ರಲ್ಲಿ ಶುರುವಾದ ಸ್ಪ್ಯಾನಿಷ್ ಭಾಷಾ ಅಕಾಡೆಮಿ, ಅಂದರೆ ರೆಯಾಲ್ ಅಕಾದೇಮಿಯಾ ಎಸ್ಪಾನ್ಯೋಲಾ, ತನ್ನ ನಿಘಂಟನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದೆ. ಅದರ 23ನೇ ಆವೃತ್ತಿ 2014ರಲ್ಲಿ ಬಂತು. ಯಾವ ಅರ್ಥ ಯಾವ ದೇಶದಲ್ಲಿ ನಡೆಯುತ್ತದೆ ಅಂತ ಅದರಲ್ಲಿ ಗುರುತು ಇರುತ್ತದೆ. ಆ ಪುಟ್ಟ ಗುರುತುಗಳನ್ನು ಬಿಟ್ಟು ಓದಬೇಡಿ.

ಹೀಗೆ ತಿರುಗಿ ಹುಡುಕಿದಾಗ ಸ್ಪ್ಯಾನಿಷ್ ಪದಕ್ಕೂ ಹಲವು ಅರ್ಥ ಇರೋದು ಕಾಣುತ್ತದೆ. 'ಬಾಂಕೊ' ದುಡ್ಡಿಡುವ ಬ್ಯಾಂಕೂ ಹೌದು, ಪಾರ್ಕಿನ ಬೆಂಚೂ ಹೌದು, ಆದರೆ ನದಿಯ ದಡ ಅಲ್ಲ, ದಡಕ್ಕೆ 'ಒರೀಯಾ'. 'ದಿರೆಕ್ಸಿಯೋನ್' ವಿಳಾಸವೂ ಆಗುತ್ತದೆ, ದಿಕ್ಕೂ ಆಗುತ್ತದೆ. ಕೆಲವು ಪದಗಳಲ್ಲಿ ಲಿಂಗ ಬದಲಾದರೆ ಅರ್ಥವೇ ಬೇರೆ. 'ಎಲ್ ಕಾಪಿತಾಲ್' ಬಂಡವಾಳ, 'ಲಾ ಕಾಪಿತಾಲ್' ರಾಜಧಾನಿ. 'ಎಲ್ ಓರ್ದೆನ್' ಕ್ರಮ, 'ಲಾ ಓರ್ದೆನ್' ಆಜ್ಞೆ. 'ಎಲ್ ಕೊಮೇತಾ' ಧೂಮಕೇತು, 'ಲಾ ಕೊಮೇತಾ' ಗಾಳಿಪಟ. ಪದ ಬರೆದುಕೊಳ್ಳುವಾಗ 'ಎಲ್' ಅಥವಾ 'ಲಾ' ಸೇರಿಸಿಯೇ ಬರೆದುಕೊಳ್ಳಿ.

ಶುರುವಿನಲ್ಲಿ ಹೇಳಿದ 'ದೆರೇಚಾ' ಕೂಡ ಇಂಥದ್ದೇ. 'ಆ ಲಾ ದೆರೇಚಾ' ಅಂದರೆ ಬಲಕ್ಕೆ. 'ತೋದೊ ದೆರೇಚೊ' ಅಂದರೆ ನೆಟ್ಟಗೆ ಹೋಗಿ. ಕೊನೆಯ ಒಂದು ಸ್ವರ ಬದಲಾದರೆ ದಾರಿಯೇ ಬದಲಾಗುತ್ತದೆ. ಹಕ್ಕು ಅನ್ನೋದಕ್ಕೂ ಕಾನೂನಿಗೂ 'ದೆರೇಚೊ'ನೇ.

ಆರನೇ ಹೆಜ್ಜೆ: ಯಾವ ದೇಶಕ್ಕೆ?

ಕೆಲಸ ಒಪ್ಪಿಕೊಳ್ಳುವಾಗಲೇ ಇದನ್ನು ಕೇಳಿ. ಬಸ್ ಹಿಡಿಯೋದಕ್ಕೆ ಸ್ಪೇನಿನಲ್ಲಿ ದಿನನಿತ್ಯ ಬಳಸುವ 'ಕೊಹೆರ್' ಅನ್ನೋದು ಮೆಕ್ಸಿಕೊದಲ್ಲಿ, ಅರ್ಜೆಂಟೀನಾದಲ್ಲಿ ಅಶ್ಲೀಲ ಮಾತು. ಅಲ್ಲಿ 'ತೊಮಾರ್' ಬಳಸಿ. ಕಂಪ್ಯೂಟರ್ ಸ್ಪೇನಿನಲ್ಲಿ 'ಒರ್ದೆನದೋರ್', ಮೆಕ್ಸಿಕೊದಲ್ಲಿ 'ಕೊಂಪುತದೋರಾ'. 'ಮಿಸ್' ಅನ್ನೋದು ಬಸ್ ತಪ್ಪಿದ ಅರ್ಥದಲ್ಲಿ 'ಪೆರ್ದೆರ್'. ನಿನ್ನ ನೆನಪಾಗ್ತಿದೆ ಅನ್ನುವ ಅರ್ಥದಲ್ಲಿ ಸ್ಪೇನಿನವರು 'ಎಚಾರ್ ದೆ ಮೇನೊಸ್' ಅನ್ನುತ್ತಾರೆ, ಲ್ಯಾಟಿನ್ ಅಮೆರಿಕದಲ್ಲಿ 'ಎಸ್ತ್ರಾನ್ಯಾರ್' ಜಾಸ್ತಿ.

'ಯು' ಕೂಡ ಹಲವು ಅರ್ಥದ ಪದವೇ. ನೀನು, ನೀವು ಅನ್ನುವ ಭೇದ ನಮಗೆ ರಕ್ತದಲ್ಲೇ ಇದೆ. 'ತೂ' ನೀನು, 'ಉಸ್ತೆದ್' ಗೌರವದ ನೀವು, ಅರ್ಜೆಂಟೀನಾದಲ್ಲಿ 'ತೂ' ಬದಲು 'ಬೋಸ್'. ಆದರೆ ಕನ್ನಡದ ಅಳತೆ ಹಾಗೇ ಹಾಕಬೇಡಿ. ನಾವು ನೀವು ಅನ್ನುವ ಎಷ್ಟೋ ಕಡೆ ಸ್ಪೇನಿನವರು ಆರಾಮಾಗಿ 'ತೂ' ಅನ್ನುತ್ತಾರೆ, ಅದೇ ಕೊಲಂಬಿಯಾದ ಕೆಲವು ಭಾಗಗಳಲ್ಲಿ ಮನೆಯವರ ನಡುವೆಯೂ 'ಉಸ್ತೆದ್' ಕೇಳಿಬರುತ್ತದೆ. ಒಂದನ್ನು ಆರಿಸಿ, ಕೊನೆ ತನಕ ಅದನ್ನೇ ಇಟ್ಟುಕೊಳ್ಳಿ.

ಏಳನೇ ಹೆಜ್ಜೆ: ಆ್ಯಪ್, ವೆಬ್‌ಸೈಟ್ ಕೆಲಸಕ್ಕೆ

'ಓಪನ್' ಅಂದರೆ ತೆರೆಯಿರಿ ಅನ್ನುವ ಗುಂಡಿಯಾದರೆ 'ಅಬ್ರೀರ್', ಅಂಗಡಿ ತೆರೆದಿದೆ ಅನ್ನುವ ಸೂಚನೆಯಾದರೆ 'ಅಬಿಯೆರ್ತೊ'. 'ಹೋಮ್' ಅನ್ನೋದು ಮನೆಯಲ್ಲ, 'ಇನೀಸಿಯೊ'. ಖರೀದಿಯ 'ಆರ್ಡರ್'ಗೆ 'ಪೆದೀದೊ'. 'ನ್ಯೂ' ಅಂತ ಒಂಟಿಯಾಗಿ ಕೊಟ್ಟರೆ ಯಾವ ವಸ್ತು ಹೊಸದು ಅಂತ ಕೇಳಲೇಬೇಕು, ಲಿಂಗ ನೋಡಿ 'ನುಯೇವೊ' ಅಥವಾ 'ನುಯೇವಾ' ಆಗುತ್ತದೆ.

'ಫ್ರೀ' ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ದುಡ್ಡಿಲ್ಲದೆ ಸಿಗೋದು 'ಗ್ರಾತಿಸ್'. ಸ್ವತಂತ್ರವಾದದ್ದು, ಖಾಲಿ ಇರುವ ಸೀಟು, ಬಿಡುವಾಗಿರುವ ಮನುಷ್ಯ, ಇವಕ್ಕೆಲ್ಲ 'ಲಿಬ್ರೆ'. ಸಕ್ಕರೆ ಇಲ್ಲದ್ದು 'ಸಿನ್ ಅಸೂಕಾರ್'. ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರ್ ಕಟ್ಟುವ ಗ್ನೂ ಯೋಜನೆ ಸಾರಿದ ಮೇಲೆ ಬೆಳೆದ ಫ್ರೀ ಸಾಫ್ಟ್‌ವೇರ್ ಚಳವಳಿಯವರು, ಇದು ಬೆಲೆಯ ಮಾತಲ್ಲ ಸ್ವಾತಂತ್ರ್ಯದ ಮಾತು ಅಂತ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಬಿಡಿಸಿ ಹೇಳಬೇಕಾಯಿತು. ಸ್ಪ್ಯಾನಿಷ್‌ನಲ್ಲಿ 'ಸೊಫ್ತ್‌ವೇರ್ ಲಿಬ್ರೆ' ಅಂದರೆ ಅಷ್ಟರಲ್ಲೇ ತಿಳಿಯುತ್ತದೆ. ಕನ್ನಡದಲ್ಲಿ ಉಚಿತ, ಮುಕ್ತ ಅಂತ ನಮಗೂ ಎರಡಿವೆ.

ಕೊನೆಯ ಹೆಜ್ಜೆ: ಔಷಧಿ, ಆಸ್ಪತ್ರೆಯ ಕಾಗದ ಬಂದರೆ

ಇಲ್ಲಿ ವೇಗ ಬೇಡವೇ ಬೇಡ. ಮಾತ್ರೆಯ ಚೀಟಿಯಲ್ಲಿ ದಿನಕ್ಕೊಮ್ಮೆ ಅನ್ನೋಕೆ ಇಂಗ್ಲಿಷಿನಲ್ಲಿ ಬರೆಯುವ 'ವನ್ಸ್' ಇದೆಯಲ್ಲ, ಅದೇ ನಾಲ್ಕು ರೋಮನ್ ಅಕ್ಷರಗಳನ್ನು ಸ್ಪ್ಯಾನಿಷ್‌ನವರು 'ಓನ್ಸೆ' ಅಂತ ಓದುತ್ತಾರೆ. ಓನ್ಸೆ ಅಂದರೆ ಹನ್ನೊಂದು. ಅನುವಾದದಲ್ಲಿ ಆ ಪದ ಕಣ್ತಪ್ಪಿ ಇಂಗ್ಲಿಷಿನಲ್ಲೇ ಉಳಿದುಬಿಟ್ಟರೆ ದಿನಕ್ಕೆ ಒಂದು ಸಲ ಅನ್ನೋದು ಹನ್ನೊಂದು ಆಗುವ ಅಪಾಯ ಇದೆ.

1980ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ 18 ವರ್ಷದ ಹುಡುಗನೊಬ್ಬನನ್ನು ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಕ್ಯೂಬಾ ಮೂಲದ ಮನೆಯವರು 'ಇಂತೊಕ್ಸಿಕಾದೊ' ಅಂದರು. ತಿಂದದ್ದೋ ಕುಡಿದದ್ದೋ ಮೈಗೆ ಆಗಿಲ್ಲ ಅನ್ನೋದು ಅವರ ಅರ್ಥ. ಕೇಳಿಸಿಕೊಂಡವರು ಅದನ್ನು ಇಂಗ್ಲಿಷಿನ 'ಇಂಟಾಕ್ಸಿಕೇಟೆಡ್' ಅಂದುಕೊಂಡು ಮಾದಕವಸ್ತು ಜಾಸ್ತಿಯಾದದ್ದಕ್ಕೆ ಚಿಕಿತ್ಸೆ ಕೊಟ್ಟರು. ಆಗಿದ್ದದ್ದು ಮೆದುಳಿನಲ್ಲಿ ರಕ್ತಸ್ರಾವ. ಅದು ತಿಳಿಯುವ ಹೊತ್ತಿಗೆ ತಡವಾಗಿ ಆ ಹುಡುಗನ ಕೈಕಾಲು ಸ್ವಾಧೀನ ತಪ್ಪಿದವು.

ಹಾಗಾಗಿ ಇಂಥ ಕಾಗದ ಕೈಗೆ ಬಂದಾಗ ನಾನು ಹೀಗೆ ಮಾಡುತ್ತೇನೆ. ಇಡೀ ಕಾಗದವನ್ನು ಮೊದಲು ಕನ್ನಡದಲ್ಲಿ ಕೈಬರಹದಲ್ಲಿ ಬರೆಯುತ್ತೇನೆ. ಅದರಿಂದ ಸ್ಪ್ಯಾನಿಷ್‌ಗೆ ಹೋಗಿ, ಆಮೇಲೆ ಮೂಲ ಇಂಗ್ಲಿಷನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸುತ್ತೇನೆ. ಅಂಕಿಗಳ ಮೇಲೆ ಬೆರಳಿಟ್ಟು ಒಂದೊಂದನ್ನೂ ಗಟ್ಟಿಯಾಗಿ ಓದುತ್ತೇನೆ. ಕೊನೆಗೆ ಸ್ಪ್ಯಾನಿಷ್ ಮನೆಮಾತಾಗಿರುವ ಒಬ್ಬರಿಗೆ ಇಂಗ್ಲಿಷ್ ತೋರಿಸದೆ ಬರೀ ಸ್ಪ್ಯಾನಿಷ್ ಕೊಟ್ಟು, 'ಈ ಮಾತ್ರೆಯನ್ನು ದಿನಕ್ಕೆ ಎಷ್ಟು ಸಲ, ಯಾವಾಗ ತಗೊಳ್ಳಬೇಕು ಅಂತ ನಿಮಗೆ ಅನ್ನಿಸಿತು, ನಿಮ್ಮ ಮಾತಲ್ಲೇ ಹೇಳಿ' ಅಂತ ಕೇಳುತ್ತೇನೆ. 'ಉನಾ ಬೆಸ್ ಆಲ್ ದೀಯಾ' ಅಂತ ಅವರ ಬಾಯಿಂದ ಬಂದ ಮೇಲೇ ಕಾಗದ ಕಳಿಸೋದು.